ಅವ್ವನ ಚಂಚಿಯೊಳಗಿನ ಬಾಟಲಿ

ಬೀದರ್ ಕಡೆಯ ಥಂಡಿಯ ಬಗ್ಗೆ ಹೇಳಿದರೆ ಬೆಂಗಳೂರಿನವರು ನಗುತ್ತಾರೆ. ಬಿಸಿಲು ಸೀಮೆಯವರಿಗೆ ಎಂಥ ಚಳಿ ಎನ್ನುತ್ತಾರೆ. ಡಿಸೆಂಬರಿನಲ್ಲಿ ಒಮ್ಮೆ ಔರಾದಕ್ಕೆ ಬಂದು ಬೆಳಗಿನ ತಣ್ಣೀರು ಮುಟ್ಟಿ ನೋಡಲಿ, ಆಮೇಲೆ ಮಾತಾಡೋಣ. ನನಗೆ ಆ ಚಳಿಯ ಮೇಲೆ ಇವತ್ತಿಗೂ ಸಿಟ್ಟಿದೆ. ಚಳಿಯ ಮೇಲೆ ಸಿಟ್ಟಾಗಿ ಏನು ಪ್ರಯೋಜನ ಎಂದು ನನ್ನ ಗಂಡ ಕೇಳುತ್ತಾನೆ. ಪ್ರಯೋಜನ ನೋಡಿಕೊಂಡು ಬರಲು ಸಿಟ್ಟೇನು ನೆಂಟನೇ?

ಮೇಲಿಂದ ಮೇಲೆ ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ನಮ್ಮ ಓಣಿಯವರು ಕೆಲಸ ಹುಡುಕಿಕೊಂಡು ಹೈದರಾಬಾದ್, ಪುಣೆ ಎಂದು ಹೊರಟುಹೋದರು. ನನ್ನ ಅಣ್ಣ ಬೋರ್‌ವೆಲ್ ಕೊರೆಯುವ ಲಾರಿ ಹತ್ತಿದ. ಬರ ಬಂದಷ್ಟೂ ಆ ಲಾರಿಗೆ ಕೆಲಸ. ಮೂಗಿಗೆ ಟವೆಲ್ ಸುತ್ತಿಕೊಂಡು ಕಲ್ಲಿನ ಹಿಟ್ಟು ಹಾರುವಲ್ಲಿ ದಿನವಿಡೀ ನಿಲ್ಲುತ್ತಿದ್ದ. ಟವೆಲ್ ಬಿಚ್ಚಿದನೆಂದರೆ ಬಾಯಿಗೆ ಬೀಡಿ. ಒಂದು ಚಳಿಗಾಲ ಲಾರಿ ಬಿಟ್ಟು ಊರಿಗೆ ಬಂದ. ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಇಳಿದವನಿಗೆ ಹೊರಗಿನ ಆಟೋವರೆಗೆ ನಡೆಯಲು ಉಸಿರು ಸಾಲಲಿಲ್ಲ. ಕರೆತರಲು ಹೋಗಿದ್ದ ನಾನು ಅವನ ಚೀಲ ಹೊತ್ತುಕೊಂಡು ಅಳುತ್ತ ಮುಂದೆ ನಡೆದೆ.

ನಾನು ಬೀದರಿನಲ್ಲಿ ನರ್ಸು, ಮನೆಯೂ ಅಲ್ಲೇ ಮೈಲೂರಿನಲ್ಲಿ. ನಮ್ಮ ಡಾಕ್ಟರಿಗೆ ಅವನನ್ನು ತೋರಿಸಿದೆ. "ಎದಿಯಾಗ ಕಲ್ಲಿನ ಧೂಳು ಕುಂತದ, ಅದನ್ನ ತೆಗಿಲಿಕ್ಕ ಬರಂಗಿಲ್ಲ," ಎಂದರು. "ಬೀಡಿ ಬಿಟ್ರ ಇನ್ನಷ್ಟು ವರ್ಷ ಇರ್ತಾನ. ಬಿಡಲಿಲ್ಲಂದ್ರ ಇಲ್ಲ."

ಬೀಡಿ ಬಿಡಲೆಂದು ಅಣ್ಣ ಒಂದು ಯಂತ್ರ ತಂದುಕೊಂಡಿದ್ದ. ಲಾರಿಯ ಜೊತೆಗಾರನೊಬ್ಬ ಹೈದರಾಬಾದಿನಲ್ಲಿ ಕೊಡಿಸಿದ್ದ ಇ-ಸಿಗರೇಟು. ಆಗಿನ್ನೂ ಅದಕ್ಕೆ ನಿಷೇಧ ಬಂದಿರಲಿಲ್ಲ. ದಪ್ಪ ಪೆನ್ನಿನಂಥದು, ಅದರೊಳಗೆ ತುಂಬಲು ಪುದೀನ ವಾಸನೆಯ ಸಿಹಿ ದ್ರವದ ಪುಟ್ಟ ಬಾಟಲಿ. ಅದರಲ್ಲೂ ನಿಕೋಟಿನ್ ಇರುತ್ತದೆ, ಬೀಡಿ ಬಿಟ್ಟಮೇಲೆ ಅದನ್ನೂ ಬಿಡಬೇಕು ಎಂದು ಡಾಕ್ಟರು ಗದರಿಯೇ ಕಳಿಸಿದ್ದರು. ಅಂತೂ ಔರಾದದ ಮನೆಯಲ್ಲಿ ಅವ್ವನ ಹತ್ತಿರ ಅಣ್ಣ ಬೀಡಿ ಇಲ್ಲದೆ ದಿನ ದೂಡತೊಡಗಿದ. ನಾವು ಚರ್ಚಿನಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ಬೇಡಿದ್ದು ಅದೊಂದನ್ನೇ.

ಅಷ್ಟರಲ್ಲಿ ಚಳಿ ಜೋರಾಯಿತು. ಬಾಟಲಿಯ ದ್ರವ ಬೆಲ್ಲದ ಪಾಕದ ಹಾಗೆ ಮಂದವಾಯಿತು. ಯಂತ್ರದೊಳಗಿನ ಹತ್ತಿಯ ಬತ್ತಿಗೆ ಅದು ಇಳಿಯುತ್ತಿರಲಿಲ್ಲ. ಎಳೆದರೆ ಹೊಗೆಯಿಲ್ಲ, ಬರೀ ಸುಟ್ಟ ವಾಸನೆ, ಅದರ ಹಿಂದೆ ಕೆಮ್ಮು. ಅಣ್ಣ ಎದುರಿನ, ಬೀಡಿ ಮಾರುವ ಪಾನ್ ಡಬ್ಬಿ ಅಂಗಡಿಯ ಕಡೆ ನೋಡುತ್ತ ಕೂರತೊಡಗಿದ. ಆ ದ್ರವ ನೀರಿನಂತೆ ಬರ್ಫ ಆಗುವುದಿಲ್ಲ, ಮಂದವಾಗುತ್ತದೆ ಅಷ್ಟೇ, ಬೆಚ್ಚಗಾದರೆ ಮತ್ತೆ ಸರಿಹೋಗುತ್ತದೆ. ಇದನ್ನು ಅವ್ವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಥಂಡಿ ದಿನಗಳಲ್ಲಿ ನಮ್ಮ ಕಡೆ ಎಲ್ಲರ ಅಂಗಳದಲ್ಲೂ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಬಾಟಲಿ ಬಿಸಿಲು ಕಾಯಿಸುತ್ತಿರುತ್ತದೆ. ಅದರ ಪಕ್ಕ ಇದನ್ನೂ ಇಟ್ಟಳು. ಆದರೆ ಬಿಸಿಲು ಏರುವ ಮೊದಲೇ ಅಣ್ಣನ ಚಟ ಎದ್ದು ಕೂತಿರುತ್ತಿತ್ತು. ಅದಕ್ಕೆ ಅವಳು ಬಾಟಲಿಯನ್ನು ತನ್ನ ಎಲೆ ಅಡಿಕೆಯ ಚಂಚಿಯೊಳಗಿಟ್ಟು, ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೈ ಕಾವಿಗೆ ದ್ರವ ತಿಳಿಯಾಗುತ್ತಿತ್ತು. ಎದ್ದ ಕೂಡಲೇ ಅಣ್ಣ ಕೈ ಚಾಚುವುದು, ಅವಳು ತೆಗೆದುಕೊಡುವುದು.

ಶನಿವಾರ ಬಸ್ಸು ಹತ್ತಿ ಹೋದ ನನಗೆ ಇದನ್ನು ನೋಡಿ ನಗು ತಡೆಯಲಾಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳುತ್ತಾರೆಯೇ!

"ಬೀಡಿ ಕಟ್ಟು ಕಂಡ್ರ ಒಲಿಗಿ ಹಾಕಾಕಿ, ಈಗ ಅಂವನ ಹೊಗಿ ಸೊಂಟಕ್ಕ ಕಟ್ಕೊಂಡಿ ಏನವ್ವಾ?" ಎಂದೆ.

"ಹೊಟ್ಟ್ಯಾಗ ಇಟ್ಕೊಂಡಾಕಿಗಿ ಸೊಂಟದಾಗ ಇಟ್ಕೊಳ್ಳೋದು ಭಾರ ಆಗ್ತದೇನು?" ಎಂದಳು.

ಮರುದಿನ ಚರ್ಚಿನಿಂದ ಬಂದು ಊಟ ಮುಗಿಸಿದೆವು. ಅವ್ವ ಎಲೆ ಮಡಚಿ ಬಾಯಿಗಿಟ್ಟುಕೊಂಡು, "ಇವತ್ತ ಎಲಿ ಭಾಳ ಸಿಹಿ ಅದ," ಎಂದು ಇನ್ನೊಂದು ಮಡಚಿದಳು. ಅದನ್ನು ನುಂಗುವಷ್ಟರಲ್ಲಿ ಹಣೆ ಬೆವರಿತು. ಗೋಡೆ ಹಿಡಿದು ಕುಸಿದವಳು ಒಂದೇ ಸಮನೆ ಕಾರಿಕೊಂಡಳು. ಚಂಚಿ ಬಿಚ್ಚಿದೆ. ಬೆಚ್ಚಗಾಗಿ ನೀರಾದ ದ್ರವ ಸಡಿಲ ಮುಚ್ಚಳದಿಂದ ಸೋರಿ ಎಲೆಗಳೆಲ್ಲ ಒದ್ದೆಯಾಗಿದ್ದವು. ಜೀವಮಾನದಲ್ಲಿ ಎಲೆಯ ಜೊತೆ ತಂಬಾಕು ಹಾಕದವಳು ನಿಕೋಟಿನ್ ನುಂಗಿದ್ದಳು.

ಔರಾದದ ಆಸ್ಪತ್ರೆಯಿಂದ ಬೀದರಿಗೆ ಕರೆತಂದೆವು. ಅವ್ವ ಉಳಿದಳು. ಅವಳು ಕಣ್ಣು ಬಿಟ್ಟು ನೀರು ಕೇಳಿದ ಮೇಲೆ ಅಣ್ಣ ಹೊರಗೆ ಹೋದ. ನಾನೂ ಹಿಂದೆ ಹೋದೆ. ಆಸ್ಪತ್ರೆಯ ಗೇಟಿನ ಬಳಿ ಯಂತ್ರವನ್ನು ನೆಲಕ್ಕೆ ಹಾಕಿ ಚಪ್ಪಲಿಯಿಂದ ಜಜ್ಜುತ್ತಿದ್ದ.

"ನನ್ನ ಚಟಕ್ಕ ಅವ್ವನ್ನೇ ಕೊಲ್ತಿದ್ದೆ ನಾ," ಎಂದ. "ಇನ್ನ ಸಾಯೋತನಕ ಇದನ್ನ ಮುಟ್ಟಂಗಿಲ್ಲ."

ಮಾತಿಗೆ ತಪ್ಪಲಿಲ್ಲ, ಅದನ್ನು ಮುಟ್ಟಲಿಲ್ಲ. ಬೀಡಿಯ ಬಗ್ಗೆ ಅವನು ಏನೂ ಹೇಳಿರಲಿಲ್ಲ.

ಕ್ರಿಸ್ಮಸ್ ಬರುವ ಮೊದಲೇ ಮತ್ತೆ ಬೀಡಿ ಹಚ್ಚಿದ. ನಾನು ಬೈದೆ, ಕಾಲು ಹಿಡಿದೆ, ಮಾತು ಬಿಟ್ಟೆ. ಅವ್ವ ಮಾತ್ರ ಈ ಸಲ ಬೀಡಿ ಕಟ್ಟನ್ನು ಒಲೆಗೆ ಹಾಕಲಿಲ್ಲ. ಬೇಸಿಗೆಗೆ ಅವನಿಗೆ ಮಲಗಲೂ ಆಗುತ್ತಿರಲಿಲ್ಲ, ದಿಂಬಿಗೆ ಒರಗಿ ಕೂತೇ ಉಸಿರೆಳೆಯುತ್ತಿದ್ದ. ಮಳೆಗಾಲ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಹೋಗಿಬಿಟ್ಟ. ನನ್ನ ಒಬ್ಬನೇ ಅಣ್ಣ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ಅವ್ವನ ಸುತ್ತ ಕೂತಿದ್ದರು. ಸಮಾಧಾನ ಹೇಳಲೆಂದು ಒಬ್ಬಾಕೆ, "ಥಂಡಿಯಾಗ ನೀವರ ಉಳಿದ್ರಲ್ರಿ, ಅಷ್ಟರ ದೇವರ ದಯಾ ಅನ್ರಿ," ಎಂದಳು.

ಅವ್ವ ನನ್ನ ಕಡೆ ತಿರುಗಿದಳು.

"ನಾ ಅವತ್ತ ವಾಂತಿ ತಡಕೋಬೇಕಿತ್ತು ಯವ್ವಾ," ಎಂದಳು. "ಒಳಗ ಹೋಗಿ ಸುಮ್ಮ ಮಕ್ಕೊಂಡಿದ್ರ ಅಂವಗ ಗೊತ್ತೇ ಆಗ್ತಿರಲಿಲ್ಲ."