ಹೂಬಳ್ಳಿಯ ಬೆಂಚು

ನಮ್ಮ ಬೀದಿಯಲ್ಲಿ ಕಾರುಗಳಿಗೆ ಮರದ ನೆರಳಿದೆ, ಮನುಷ್ಯರಿಗೆ ಕೂರಲು ಒಂದು ಕಲ್ಲೂ ಇರಲಿಲ್ಲ. ಕಾರಿನವರು ರಸ್ತೆ ತಮ್ಮಪ್ಪನ ಆಸ್ತಿ ಎಂಬಂತೆ ಎರಡೂ ಬದಿ ಒತ್ತೊತ್ತಾಗಿ ನಿಲ್ಲಿಸಿಬಿಡುತ್ತಾರೆ. ಬಾಡಿಗೆ ಗಾಡಿಯವರು ಒಳಗೆ ಬರಲೊಲ್ಲರು. ಅಜ್ಜಿ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಲು ಆ ತುದಿಯ ಆಸ್ಪತ್ರೆಗೆ ನಡೆದೇ ಹೋಗಬೇಕು. ನಡುವೆ ಒಂದು ಗಳಿಗೆ ಕೂರದೆ ಅವಳಿಂದಾಗದು. ಕಾರಿಗೆ ಒರಗಿದರೆ ಅದು ಅರಚಿಕೊಳ್ಳುತ್ತದೆ, ಯಜಮಾನ ಬಂದು ಗದರುತ್ತಾನೆ. ಕೊನೆಗೆ ಅವಳು ಹೋಗುವುದನ್ನೇ ಬಿಟ್ಟಳು. ಹುಣ್ಣು ವಾಸನೆ ಹೊಡೆಯತೊಡಗಿತು.

ದೊಡ್ಡಮ್ಮ ನಾಟಕಗಳಿಗೆ ಸೆಟ್ ಕಟ್ಟುವವಳು. ಅರಮನೆ, ಸೆರೆಮನೆ, ಏನೇ ಕೇಳಿ, ಹಳೇ ಹಲಗೆಯಲ್ಲೇ ಎಬ್ಬಿಸಿ ನಿಲ್ಲಿಸುತ್ತಾಳೆ. ಮೊಳೆ ಮುಟ್ಟುವುದಿಲ್ಲ, ಎಲ್ಲ ಬೋಲ್ಟು. ಆಟ ಮುಗಿದ ಕೂಡಲೇ ಬಿಚ್ಚಿ ಲಾರಿಗೆ ಹೇರಬೇಕಲ್ಲ. ಒಂದು ಮುಂಜಾನೆ ಕಾರೊಂದು ಹೊರಟಿದ್ದೇ ತಡ, ಆ ಜಾಗದಲ್ಲಿ ಬೆಂಚು ನಿಲ್ಲಿಸಿದಳು. ಅಭ್ಯಾಸಬಲ ನೋಡಿ, ರಸ್ತೆಗೆ ಕಾಣುವ ಒರಗುಹಲಗೆಯ ಹಿಂಬದಿಗೆ ಚಂದದ ಹೂಬಳ್ಳಿ ಬರೆದಳು. ಕೂರುವ ಕಡೆ ಬೋಳು ಹಲಗೆ. ಪ್ರೇಕ್ಷಕರಿಗೆ ಕಾಣದ್ದಕ್ಕೆ ಬಣ್ಣ ದಂಡ ಮಾಡುವವಳಲ್ಲ ಅವಳು. ಅಜ್ಜಿ ಕೂತು, ಎದ್ದು, ಆಸ್ಪತ್ರೆ ಮುಟ್ಟಿದಳು. ಹುಣ್ಣು ಒಣಗತೊಡಗಿತು.

ನಗರಸಭೆಯವರು ಬಂದು ಕಿತ್ತೆಸೆಯುತ್ತಾರೆಂದು ಅಂಜಿದ್ದೆವು. ಅದಾದರೂ ವಾಸಿಯಿತ್ತು. ಅವರು ಮೆಚ್ಚಿಕೊಂಡುಬಿಟ್ಟರು! ರಿಬ್ಬನ್ ಕತ್ತರಿಸಿ, ಫೋಟೋ ಹೊಡೆಸಿಕೊಂಡು, ಸುತ್ತ ಕಬ್ಬಿಣದ ಬೇಲಿ ಹಾಕಿ, ‘ಮುಟ್ಟಬಾರದು’ ಎಂದು ಬೋರ್ಡು ತಗುಲಿಸಿ ಹೋದರು. ಅಜ್ಜಿ ಸರಳು ಹಿಡಿದು ನಿಂತು, ಒಳಗಿನ ಬೆಂಚನ್ನು ನೋಡಿ ಮನೆಗೆ ವಾಪಸಾದಳು. ನೆನೆದರೆ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ.

ದೊಡ್ಡಮ್ಮ ಕಚೇರಿಗೆ ಹೋಗಿ ಕೇಳಿದಳು. ಇಷ್ಟು ಚಂದದ್ದರ ಮೇಲೆ ಜನ ಕೂತರೆ ಹಾಳಾಗುವುದಿಲ್ಲವೇ ಎಂದನಂತೆ ಎಂಜಿನಿಯರ್ ಮಹಾಶಯ. ದೊಡ್ಡಮ್ಮ ಮನೆಗೆ ಬಂದವಳೇ ಬೋಲ್ಟು ಬಿಚ್ಚುವ ಸ್ಪ್ಯಾನರ್ ಹುಡುಕಿ ತೆಗೆದಿಟ್ಟಳು. ನನಗೆ ಹೆದರಿಕೆಯಾಗಿದ್ದೇ ಅದನ್ನು ನೋಡಿ.

ಮರುದಿನ ಮಟಮಟ ಮಧ್ಯಾಹ್ನ, ಬೀದಿಯೆಲ್ಲ ನೋಡುತ್ತಿರುವಾಗ, ಸ್ಪ್ಯಾನರ್ ಹಿಡಿದು ಬೇಲಿ ಹಾರಿದಳು. ಬೋಲ್ಟು ಬಿಚ್ಚಿ ಹಲಗೆಗಳನ್ನು ಒಂದೊಂದಾಗಿ ನನ್ನ ಕೈಗೆ ದಾಟಿಸಿದಳು. ಬಣ್ಣ ಹಚ್ಚಿದ್ದೇ ತನ್ನ ತಪ್ಪು ಎಂದು ಗೊಣಗುತ್ತ, ಪಕ್ಕದಲ್ಲಿ ಖಾಲಿಯಿದ್ದ ಇನ್ನೊಂದು ಕಾರಿನ ಜಾಗದಲ್ಲಿ ಮತ್ತೆ ಜೋಡಿಸಿದಳು; ಈ ಸಲ ಹೂಬಳ್ಳಿ ಗೋಡೆಯತ್ತ, ಬೋಳು ಹಲಗೆ ರಸ್ತೆಯತ್ತ. ಅಷ್ಟರಲ್ಲಿ ಕಾರು ಬಂತು. ಇದು ತನ್ನ ಜಾಗ ಎಂದು ಯಜಮಾನ ಕೂಗಾಡಿದ.

“ನಿಮ್ ಕಾರನ್ನ ಆ ಬೇಲಿ ಒಳಗಿಡಿ ಸ್ವಾಮಿ,” ಎಂದಳು ದೊಡ್ಡಮ್ಮ. “ಯಾರೂ ಮುಟ್ಟಲ್ಲ.”

ಬೇಲಿ ಇವತ್ತಿಗೂ ಹಾಗೇ ನಿಂತಿದೆ, ಖಾಲಿ ನೆಲಕ್ಕೆ ಕಾವಲು. ಅಜ್ಜಿ ಅದರ ಪಕ್ಕದಲ್ಲೇ ಕೂತು, ಪಟ್ಟಿ ಕಟ್ಟಿದ ಕಾಲನ್ನು ಮುಂದೆ ಚಾಚಿ ಸುಧಾರಿಸಿಕೊಳ್ಳುತ್ತಾಳೆ. ಕಾರಿನವರು ಸುತ್ತಿಕೊಂಡು ಹೋಗಲಿ.