ಕೊನೆಯ ಗುಂಡು ಹಿರಿಯರಿಗೆ

ನಮ್ಮ ಮನೆಯಲ್ಲಿ ಮೂರು ವರ್ಷ, ಪ್ರತಿ ಭಾನುವಾರ ಊಟವಾದ ಮೇಲೆ, ಯುದ್ಧ ನಡೆಯುತ್ತಿತ್ತು. ಕಲಬುರಗಿಯ ಖೂಬಾ ಪ್ಲಾಟಿನ ಮನೆ, ಪಡಸಾಲೆಯ ಟಿ.ವಿ.ಗೆ ಜೋಡಿಸಿದ ಗಂಡನ ಲ್ಯಾಪ್‌ಟಾಪ್, ಫ್ಯಾನಿನ ಕೆಳಗೆ ಮಾವನವರ ಕುರ್ಚಿ. ಆರು ಸೈನಿಕರ ತುಕಡಿ ಕಟ್ಟಿ, ಬೇರೆ ಲೋಕದಿಂದ ಬಂದ ಶತ್ರುಗಳನ್ನು ಹೊಡೆಯುವ ಆಟ ಅದು. ಒಂದು ಸರದಿ ನಮ್ಮದು, ಒಂದು ಅವರದು. ನಮ್ಮ ಸರದಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ನಡುವೆ ಎದ್ದು ಚಹಾ ಮಾಡಿಕೊಂಡು ಬಂದರೂ ಶತ್ರು ಮರ್ಯಾದಸ್ಥನ ಹಾಗೆ ಕಾದು ನಿಂತಿರುತ್ತಾನೆ. ಮಾವನವರಿಗೆ ಹಿಡಿಸಿದ್ದೇ ಇದು. “ಚಲೋ ಆಟ ಅದ. ಅವಸರ ಇಲ್ಲ” ಅಂದರು. ಅಂದ ದಿನವೇ ಆಟ ನನ್ನ ಗಂಡನ ಕೈತಪ್ಪಿತು.

ಮಾವ ಪೊಲೀಸ್ ಖಾತೆಯಲ್ಲಿ ಪೇದೆಯಾಗಿ ಸೇರಿ ಎ.ಎಸ್.ಐ. ಆಗಿ ನಿವೃತ್ತರಾದವರು. ಸೈನಿಕರಿಗೆ ಬೇಕಾದ ಹೆಸರಿಡಬಹುದು ಎಂದು ಗೊತ್ತಾದ ಕೂಡಲೇ ಮನೆಯವರ ಹೆಸರನ್ನೇ ಇಡಿಸಿದರು. ಮೊದಲು ತಮ್ಮದು. ಆಮೇಲೆ ಕಮಲಾಪುರದಲ್ಲಿರುವ ಅವರ ಅಕ್ಕ, ಅಂದರೆ ನಮಗೆಲ್ಲ ದೊಡ್ಡತ್ತೆ. ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ಎಪ್ಪತ್ತು ದಾಟಿದ ಆ ಹೆಂಗಸು ಪರದೆಯ ಮೇಲೆ ಮಹಡಿ ಹತ್ತಿ ದೂರಕ್ಕೆ ಹೊಡೆಯುವ ಬಂದೂಕು ಹಿಡಿದು ಕೂತಿರುತ್ತಿದ್ದರು. ನಂತರ ನನ್ನ ಗಂಡ, ಮೈದುನ. ಕೊನೆಗೆ ನಾನು. ಆರನೆಯ ಜಾಗಕ್ಕೆ ಯಾವುದೋ ಹೆಸರು.

ಆ ಆಟದಲ್ಲಿ ಶತ್ರುವಿನ ಜೀವ ತೆಗೆದವನಿಗೆ ಬಡ್ತಿ. ಹೊಸ ರಂಗರೂಟ ಕಾರ್ಪೊರಲ್ ಆಗುತ್ತಾನೆ, ಸಾರ್ಜೆಂಟ್ ಆಗುತ್ತಾನೆ, ಹಾಗೇ ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್, ಕರ್ನಲ್. ದರ್ಜೆ ಏರಿದಷ್ಟೂ ಮೈಯಲ್ಲಿ ಕಸುವು, ಗುರಿಯಲ್ಲಿ ಹಿಡಿತ. ಸರಿಯಾಗಿ ಆಡುವವರು ಎಲ್ಲರನ್ನೂ ಸಮವಾಗಿ ಬೆಳೆಸುತ್ತಾರಂತೆ. ನಮ್ಮ ಮಾವ ಒಪ್ಪಲಿಲ್ಲ. “ಸರ್ವಿಸ್‌ದಾಗ ಸೀನಿಯಾರಿಟಿ ಅಂತ ಒಂದ್ ಇರ್ತದ. ಸಣ್ಣವ್ರು ದೊಡ್ಡವ್ರಿಗಿಂತ ಮ್ಯಾಲ ಹೋಗಬಾರ್ದು” ಅಂದರು. ಆಟಕ್ಕೆ ಸೀನಿಯಾರಿಟಿ ಗೊತ್ತಿಲ್ಲವಲ್ಲ, ಅದಕ್ಕೆ ನಾವೇ ದಾರಿ ಹುಡುಕಿದೆವು. ಕಿರಿಯರು ಮುಂದೆ ಹೋಗಿ ಬಾಗಿಲು ತೆಗೆಯಬೇಕು, ಗುಂಡು ತಿನ್ನಬೇಕು, ಶತ್ರುವನ್ನು ಮುಕ್ಕಾಲು ಸಾಯಿಸಬೇಕು. ಕೊನೆಯ ಗುಂಡನ್ನು ಹಿರಿಯರಿಗೆ ಬಿಡಬೇಕು. ಹೀಗೆ ಹಿಂದೆ ನಿಂತೇ ಮಾವ ಕರ್ನಲ್ ಆದರು, ಅವರ ಹಿಂದೆಯೇ ದೊಡ್ಡತ್ತೆಯೂ ಆದರು. ನಾನು ರಂಗರೂಟಳಾಗಿಯೇ ಉಳಿದೆ, ನಾಲ್ಕು ಸಲ ಸತ್ತೆ.

ಆ ಆಟದಲ್ಲಿ ಸತ್ತವರು ತಿರುಗಿ ಬರುವುದಿಲ್ಲ. ಅವರ ಹೆಸರು ಒಂದು ಗೋಡೆಯ ಮೇಲೆ ಮೂಡುತ್ತದೆ. ಆದರೆ ನಮ್ಮ ಮನೆಯ ನಿಯಮವೇ ಬೇರೆ. ನಾನು ಸತ್ತ ಕೂಡಲೇ ಗಂಡ ಇನ್ನೊಬ್ಬ ರಂಗರೂಟಳನ್ನು ಕರೆದು ಅವಳಿಗೆ ನನ್ನ ಹೆಸರನ್ನೇ ಟೈಪ್ ಮಾಡುತ್ತಿದ್ದ. ಒಮ್ಮೆ ರೇಗಿ, “ನನ್ನನ್ನೇ ಯಾಕ ಮುಂದ ದಬ್ಬತೀರಿ?” ಎಂದು ಕೇಳಿದೆ. “ಆಟ ಅದ, ಮಾರಾಯ್ತಿ” ಅಂದ. ಅಂದವನು ತನ್ನ ಸೈನಿಕನನ್ನು ಮಾತ್ರ ಗೋಡೆಯ ಮರೆಯಿಂದ ಒಂದು ಹೆಜ್ಜೆ ಆಚೆ ಬಿಟ್ಟವನಲ್ಲ.

ಆಮೇಲೆ ಮೈದುನನ ಮದುವೆಯಾಯಿತು. ಬಂದವಳು ಬಿ.ಎಡ್. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಹುಡುಗಿ. ಟೀಚರ್ ಆಗಬೇಕು ಅನ್ನುವುದೊಂದೇ ಅವಳ ಹಟ. ಓದು ಮುಗಿಸಲು ಬಿಡುತ್ತೇವೆಂದು ನಮ್ಮವರು ಒಪ್ಪಿಕೊಂಡ ಮೇಲೆಯೇ ಅವಳ ಅಪ್ಪ ತಾಂಬೂಲ ಬದಲಿಸಿದ್ದು. ನಾನು ಅವಳನ್ನು ತಂಗಿ ಎಂದೇ ಕರೆಯುತ್ತಿದ್ದೆ. ಆರನೆಯ ಸೈನಿಕನಿಗೆ ಅವಳ ಹೆಸರು ಬಿತ್ತು. ನಾನು ಒಂದು ಮೆಟ್ಟಿಲು ಮೇಲೆ ಹೋದೆ.

ಹೇಳಲು ನಾಚಿಕೆಯಾಗುತ್ತದೆ, ನನಗೆ ಖುಷಿಯಾಯಿತು. ಅದುವರೆಗೆ ಅಡುಗೆಮನೆಗೂ ಪಡಸಾಲೆಗೂ ಓಡಾಡಿಕೊಂಡಿದ್ದವಳು ಮಾವನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. “ತಂಗಿನ್ನ ಬಿಡ್ರಿ ಮುಂದ, ಆ ಬಾಗಲಾ ಅಕಿ ತಗೀಲಿ” ಎಂದು ನಾನೇ ಹೇಳಲು ಕಲಿತೆ. ಅವಳು ಮುಕ್ಕಾಲು ಕೊಂದಿಟ್ಟ ಶತ್ರುಗಳಲ್ಲಿ ಒಂದೆರಡು ನನಗೂ ಸಿಗುತ್ತಿದ್ದವು. ನಾನು ಕಾರ್ಪೊರಲ್ ಆದೆ, ಸಾರ್ಜೆಂಟ್ ಆದೆ. ಗೋಡೆಯ ಮೇಲೆ ಅವಳ ಹೆಸರು ಎಂಟು ಸಲ ಬಂತು, ಒಂದರ ಕೆಳಗೊಂದು. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಶೇಂಗಾ ಸುಲಿಯುತ್ತ, ಮಡಿಲಲ್ಲಿ ನೋಟ್ಸ್ ಇಟ್ಟುಕೊಂಡು, “ಮತ್ತ ಸತ್ತೆನೇನ್ರೀ?” ಎಂದು ಕೇಳಿ ನಗುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಆ ವರ್ಷವೇ ನನಗೂ ನಿಜವಾದ ಬಡ್ತಿ ಸಿಕ್ಕಿತ್ತು. ಸೇಡಂ ರಸ್ತೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷ ದುಡಿದ ಮೇಲೆ ನನ್ನನ್ನು ಸೀನಿಯರ್ ಮಾಡಿದ್ದರು. ಒದ್ದಾಡುವ ಮಕ್ಕಳ ಕೈ ಹಿಡಿದು ಸೂಜಿ ಚುಚ್ಚುವ ಕೆಲಸ ಹೊಸ ಹುಡುಗಿಯರಿಗೆ ಹೋಯಿತು. ನನಗೆ ಕಿಟಕಿಯ ಪಕ್ಕ ಟೇಬಲ್ಲು, ರಿಪೋರ್ಟಿನ ಕೆಳಗೆ ಸಹಿ. ನಾಲ್ಕು ದಿನ ಕಾಣಿಸದಿದ್ದರೆ ಆ ಟೇಬಲ್ಲಿಗೆ ಬೇರೆ ಯಾರೋ ಬಂದು ಕೂರುತ್ತಾರೆ ಅನ್ನುವ ಭಯ ಸದಾ ಕಾಡುತ್ತಿತ್ತು.

ಹೀಗಿರುವಾಗ ದೊಡ್ಡತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಕಲಬುರಗಿಯಲ್ಲೇ ಆಯಿತು. ಆದರೆ ಮಲಗುವುದಾದರೆ ಕಮಲಾಪುರದ ತನ್ನ ಮನೆಯಲ್ಲೇ ಎಂದು ಹಟ ಹಿಡಿದು ಹೊರಟರು. ಅವರ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಇಂಥ ಹೊತ್ತಿನಲ್ಲಿ ತಮ್ಮನ ಮನೆಯಿಂದ ಒಬ್ಬ ಸೊಸೆ ಹೋಗಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಹೊರಗಿನ ಹೆಂಗಸನ್ನು ಇಟ್ಟರೆ ಮಾವನವರ ಮುಖಕ್ಕೆ ಹೊಡೆದಂತೆ.

ಭಾನುವಾರ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮಾವ ನಮ್ಮಿಬ್ಬರನ್ನೂ ಕರೆದರು. “ಒಂದೂವರೆ ತಿಂಗಳ ಮಾತು. ಯಾರ್ ಹೋಗ್ತೀರಿ?” ಅಂದರು. ಕೇಳಿದ್ದು ಹೆಂಗಸರನ್ನು ಮಾತ್ರ. ನನ್ನ ಗಂಡ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಆ ಲ್ಯಾಪ್‌ಟಾಪನ್ನು ಕಮಲಾಪುರದಲ್ಲಿ ತೆರೆದರೂ ತೆರೆದುಕೊಳ್ಳುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ನೋಡಿ, ಅಷ್ಟು ಚೆನ್ನಾಗಿ ಪಳಗಿದ್ದೆ.

“ಪರೀಕ್ಷಾ ಒಂಬತ್ತ ದಿನಾ ಉಳದದ್ರಿ ಮಾಮಾ. ಒಂದ್ ವಾರದಾಗ ಮುಗೀತದ. ಮುಗದ್ ಕೂಡ್ಲೇ ನಾ ಹೋಗ್ತೀನ್ರಿ” ಎಂದಳು ತಂಗಿ. ದನಿ ಎತ್ತಲಿಲ್ಲ, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮಾವ ನನ್ನ ಕಡೆ ತಿರುಗಿದರು.

ನನ್ನ ಹೆಸರಿನಲ್ಲಿ ಹದಿನೆಂಟು ದಿನದ ರಜೆ ಉಳಿದಿತ್ತು. ಅವಳ ಪರೀಕ್ಷೆ ಮುಗಿಯುವ ತನಕ ನಾನು ಕಮಲಾಪುರದಲ್ಲಿ ಇದ್ದುಬಿಡಬಹುದಿತ್ತು. ಆಮೇಲೆ ಎರಡು ದಿನ ಮಿಕ್ಕುತ್ತಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಕಿಟಕಿಯ ಪಕ್ಕದ ಟೇಬಲ್ಲು.

“ನನಗ ರಜಾ ಇಲ್ರಿ ಮಾಮಾ, ಒಂದ ದಿನಾನೂ ಇಲ್ಲ” ಅಂದೆ. “ತಂಗಿ ಹೋಗ್ಲಿ. ಪರೀಕ್ಷಾ ಮುಂದಿನ ವರ್ಷ ಬರದ್ರೂ ನಡೀತದ. ಅಕಿ ಇನ್ನಾ ಸಣ್ಣಾಕಿ, ಅಕಿದೇನ್ ಹೋಗೂದದ?”

ಎಷ್ಟು ಸಲೀಸಾಗಿ ಬಂತು ಮಾತು! ಭಾನುವಾರಗಳ ಅಭ್ಯಾಸ. ಅವಳು ನನ್ನನ್ನು ಒಮ್ಮೆ ನೋಡಿದಳು, ಆಮೇಲೆ ನೆಲ ನೋಡಿದಳು. ಮೈದುನ ಕೆಮ್ಮಿದ. ಮಾವ “ಹಂಗಾದ್ರ ಆತು” ಅಂದರು. ಮರುದಿನ ಬೆಳಿಗ್ಗೆ ಅವಳು ಬ್ಯಾಗಿನಲ್ಲಿ ಎರಡು ಸೀರೆಯ ಜೊತೆ ನೋಟ್ಸುಗಳನ್ನೂ ತುಂಬಿಕೊಂಡು ಕಮಲಾಪುರದ ಬಸ್ಸು ಹತ್ತಿದಳು.

ಮುಂದಿನ ಭಾನುವಾರವೂ ಆಟ ನಡೆಯಿತು. ಅವಳ ಹೆಸರಿನ ಹುಡುಗಿ ಬಾಗಿಲು ತೆಗೆದಳು, ಬಿದ್ದಳು. ಅವಳು ಗಾಯ ಮಾಡಿಟ್ಟ ಶತ್ರುವನ್ನು ನಾನು ಹೊಡೆದೆ. ನನ್ನ ಹೆಸರಿನ ಪಕ್ಕ ಹೊಸ ಪಟ್ಟಿ ಮೂಡಿತು, ಲೆಫ್ಟಿನೆಂಟ್. “ಶಾಬಾಷ್” ಅಂದರು ಮಾವ. ಗಂಡ ಮತ್ತೆ ಅವಳ ಹೆಸರನ್ನು ಟೈಪ್ ಮಾಡತೊಡಗಿದ. ಆ ಕೀಲಿಗಳ ಟಕಟಕ ಸದ್ದಿಗೆ ನಾನು ಎದ್ದು ಹೋದೆ. ಎದ್ದು ಹೋದದ್ದು ಬಚ್ಚಲಿನ ತನಕ ಅಷ್ಟೇ. ಪರೀಕ್ಷೆಗೆ ಇನ್ನೂ ಎರಡು ದಿನ ಕೈಯಲ್ಲಿದ್ದವು, ಬಸ್ಸು ಹತ್ತಿ ಅವಳನ್ನು ವಾಪಸು ಕಳಿಸಬಹುದಿತ್ತು. ಮುಖ ತೊಳೆದುಕೊಂಡು ಬಂದು ಚಹಾ ಕುಡಿದೆ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಾನು ಕಮಲಾಪುರಕ್ಕೆ ಹೋದೆ. ಮೊದಲೇ ಹೋಗಿದ್ದರೆ ಉಳಿದುಕೊಳ್ಳಬೇಕಾದೀತು ಎಂದು ಲೆಕ್ಕ ಹಾಕಿಯೇ ತಡ ಮಾಡಿದ್ದೆ. ಒಳಕೋಣೆಯಲ್ಲಿ ದೊಡ್ಡತ್ತೆ ಮಲಗಿದ್ದರು. ಡೆಟಾಲ್ ವಾಸನೆ, ಉಚ್ಚೆಯ ವಾಸನೆ. ತಂಗಿ ಹಿತ್ತಲಲ್ಲಿ ಅವರ ಬಟ್ಟೆ ಹಿಂಡುತ್ತಿದ್ದಳು. ಕೈಯೆಲ್ಲ ಸೋಪಿಗೆ ಸುಲಿದು ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಬಂದು, ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದಳು. ನೀರು ಕೊಟ್ಟು ಮತ್ತೆ ಬಟ್ಟೆ ಹಿಂಡತೊಡಗಿದಳು.

“ನಿನ್ನ ಪರೀಕ್ಷಾ ಹೋತಲ್ಲವ್ವಾ, ನನಗ ಭಾಳ ಕೆಟ್ಟ ಅನಸ್ತು” ಅಂದೆ.

“ಇರ್ಲಿ ಬಿಡ್ರಿ ಅಕ್ಕಾ” ಎಂದಳು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನ್ನ ನಾಚಿಕೆಗೆಟ್ಟ ಬಾಯಿ ಕೇಳಬೇಕಲ್ಲ. “ರಜಾ ಇದ್ದಿದ್ರ ನಾನ ಬರ್ತಿದ್ದೆ” ಅಂದೆ.

ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದಳು. “ಹದಿನೆಂಟ ದಿನಾ ಉಳದಾವ ಅಂತ ನೀವ ಹೇಳಿದ್ರಿ ಅಕ್ಕಾ. ಶಹಾಬಜಾರದಾಗ ಬಳಿ ಹಾಕಿಸಿಕೊಳ್ಳಾಕ ಹೋಗಿದ್ವಲ್ರಿ, ಅವತ್ತ. ದೊಡ್ಡತ್ತಿ ಬೀಳೂಕಿಂತ ಒಂದ್ ವಾರ ಮೊದಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಜಗಳವಾಡಿ ಗೆಲ್ಲುತ್ತಿದ್ದೆ.

“ಮತ್ತ ಮಾವನ ಮುಂದ ಯಾಕ್ ಹೇಳ್ಲಿಲ್ಲ?” ಎಂದೆ.

“ಎಲ್ಲಾರ ಮುಂದ ನಿಮ್ಮನ್ನ ಸುಳ್ಳಿ ಮಾಡ್ಲೇನ್ರಿ? ನೀವು ದೊಡ್ಡವ್ರು.”

ಒಳಗಿನಿಂದ ದೊಡ್ಡತ್ತೆ ಕರೆದರು, ಮಗ್ಗಲು ಬದಲಿಸಬೇಕಿತ್ತು. ಏಳಬೇಕಾದವಳು ನಾನು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ನಾನು ಚಾಪೆಯ ಮೇಲೆ ಕೂತೇ ಇದ್ದೆ.