ದಾರ ಕಟ್ಟಿದ ದಾಸಾಳ

ದಾಸಾಳಕ್ಕ ಕಾಯಿ ಹಿಡಿಸ್ತೇನಿ ಅಂತ ಮಾಲಕರ ಮುಂದ ನಾನ ಬಾಯಿ ಬಿಟ್ಟಿದ್ದೆ. ಟಿಕೋಟಾ ರೋಡಿನ ನರ್ಸರಿ ಅದು. ಚೀಲಕ್ಕ ಮಣ್ಣು ತುಂಬೂದು, ಟೆಂಪೋಕ್ಕ ಸಸಿ ಹೇರೂದು ನನ್ನ ಕೆಲಸ. ಸಾಲಿ ಏಳನೇತ್ತಕ್ಕ ಬಿಟ್ಟಾಂವ. ಹಳದಿ ದಾಸಾಳಕ್ಕ ಬಿಳಿ ದಾಸಾಳ ಕೂಡಿಸಿ ಹೊಸ ಬಣ್ಣ ತಗೀಬೇಕಂತ ಫೋನಿನ್ಯಾಗ ನೋಡಿ ತಲ್ಯಾಗ ಹುಳ ಹೊಕ್ಕಿತ್ತು.

"ದಾಸಾಳದ ಕುಂಡ ಇಟ್ಟ ಆ ಮೂಲಿ ದಸರಾದ ತನಕ ನಿಂದು," ಅಂದ್ರು ಮಾಲಕರು. "ಕಾಯಿ ಹಿಡೀಲಿಲ್ಲಂದ್ರ ಅಲ್ಲಿ ಸೇವಂತಿಗಿ ಇಡ್ತೇನಿ. ಮತ್ತ ಈ ಹುಚ್ಚಾಟ ನನ್ನ ಮುಂದ ತರಬ್ಯಾಡ."

ಕೆಲಸ ಹೇಳಾಕ ಸರಳ. ಮುಂಜಾನೆ ಬಿಳಿ ಹೂವಿನ ಪುಡಿ ಬ್ರಶ್‌ಲೆ ತಗೊಂಡು ಹಳದಿ ಹೂವಿನ ನಡುವಿನ ಕಡ್ಡಿ ತುದೀಗೆ ಹಚ್ಚೂದು. ಗುರ್ತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟೂದು. ಹೂ ಬಾಡಿ ಬಿದ್ದ ಮ್ಯಾಲ ಬುಡದಾಗ ಹಸರ ಕಾಯಿ ಉಳೀಬೇಕು, ಅದರ ಬೀಜದಿಂದನ ಹೊಸ ಬಣ್ಣ. ನನಗ ದಾರ ಅಷ್ಟ ಉಳೀತಿತ್ತು. ಮೂರು ದಿನಕ್ಕ ಎಲ್ಲಾ ತೊಟ್ಟು ಸಮೇತ ನೆಲಕ್ಕ.

ಮೊದಲ ಬಿಸಿಲಿಗೆ ಬೈದೆ. ನೆರಳಿಗೆ ಹಸರ ಜಾಳಗಿ ಕಟ್ಟಿದೆ. ಉದುರಿದ್ವು. ಇರುವಿಗೆ ಬೈದೆ. ಕುಂಡದ ಸುತ್ತ ಬೂದಿ ಸುರುವಿದೆ. ಉದುರಿದ್ವು. ಗಂಡು ಹೆಣ್ಣು ಅದಲಿ ಬದಲಿ ಮಾಡಿ ಹಳದೀದರ ಪುಡಿ ಬಿಳೀದಕ್ಕ ಹಚ್ಚಿದೆ. ಅದೂ ಉದುರ್ತು.

ಟೆಂಪೋ ಡ್ರೈವರ ನಕ್ಕೊಂತ, "ಲೇ, ನಿನಗ ಹೆಣ್ಣು ಸಿಗವಲ್ದು, ಹೂವಿನ ಲಗ್ನ ಮಾಡಾಕ ಹೊಂಟೀಯೇನು?" ಅಂದ. ಅದು ಖರೇನ. ಆ ವರ್ಷ ಮೂರು ಕಡೆ ಹೆಣ್ಣು ನೋಡಾಕ ಹೋಗಿದ್ದೆ. ಮೂರೂ ಕಡೆ ಅವಲಕ್ಕಿ ತಿನ್ನಿಸಿ ಕಳಿಸಿದ್ರು.

ಪುಡಿ ಹತ್ತಿಲ್ಲ ಅನ್ನಾಕೂ ಬರ್ತಿದ್ದಿಲ್ಲ. ಬಬಲೇಶ್ವರದಾಗ ಸಸಿ ಇಳಿಸಿ ಮಧ್ಯಾಹ್ನ ಬಂದು ನೋಡಿದ್ರ ಹೂವಿನ ತುದಿ ಮ್ಯಾಲ ಹಳದಿ ಪುಡಿ ದಪ್ಪಗ ಕುಂತಿರ್ತಿತ್ತು. ನಾ ಹಚ್ಚಿದ್ದಕ್ಕಿಂತ ಜಾಸ್ತಿ. ನನ್ನ ಕೈಗುಣ ಅಂತ ಉಬ್ಬಿದ್ದೆ.

ಒಂದಿನ ಟೆಂಪೋ ಪಂಚರ್ ಆತು. ಹೂವಿಗೆ ಪುಡಿ ಹಚ್ಚಿ, ದಾರ ಕಟ್ಟಿ, ಅಲ್ಲೇ ಚೀಲ ತುಂಬ್ಕೊಂತ ಕುಂತೆ. ಗಿಡಕ್ಕ ನೀರು ಹಾಕೂ ಆಯಿ ಬಂದ್ಲು. ಇಟ್ಟಂಗಿಹಾಳದಾಕಿ, ದಿನಾ ಬಸ್ಸಿಗೆ ಬರ್ತಾಳ. ನನ್ನ ನೋಡಲಿಲ್ಲ. ಚಪ್ಪಲಿ ಬಿಟ್ಲು. ಸೆರಗಿನ ಗಂಟು ಬಿಚ್ಚಿ ಅರಿಷಿಣ ತಗದು ದಾರ ಕಟ್ಟಿದ ಹೂವಿನ ತುದೀಗೆ ಹಚ್ಚಿದ್ಲು. ತಂಬಿಗಿ ನೀರು ಚಿಮುಕಿಸಿ ಕೈ ಮುಗದ್ಲು.

"ಆಯೀ, ಏನ್ ಮಾಡಾಕತ್ತಿ ಬೇ!" ಅಂತ ಚೀರಿದೆ.

"ಯಾಕ ಚೀರ್ತೀಯೋ? ನಿನ್ನ ಸಲುವಾಗಿನ ಮಾಡಾಕತ್ತೇನಿ."

"ನನ್ನ ಸಲುವಾಗಿ ಏನು?"

"ದಿನಾ ಮುಂಜಾನೆ ಮಾತಾಡದಂಗ ನಿಂತು ದಾರ ಕಟ್ಟತಿ. ಲಗ್ನ ಆಗ್ಲೆಂತ ಹರಕಿ ಹೊತ್ತೀದಿ ಅಂತ ನನಗ ತಿಳಿಯೂದಿಲ್ಲೇನು? ಬರೇ ದಾರ ಕಟ್ಟಿದ್ರ ದೇವ್ರು ಕೇಳ್ತಾನೇನು ಯಪ್ಪಾ? ಅರಿಷಿಣಿಲ್ಲ, ನೀರಿಲ್ಲ. ಅದಕ್ಕ ನಿನ್ನ ಹಿಂದಿಂದ ನಾ ಮಾಡ್ತೇನಿ."

ಹೂವಿನ ಪುಡಿಗೆ ನೀರು ಬಿದ್ರ ಅದು ಕೆಟ್ಟಂಗ. ಬಿಸಿಲಿಗೂ ಇರುವಿಗೂ ಸುಮ್ಮನ ಬೈದಿದ್ದೆ.

"ಹರಕಿ ಅಲ್ಲ ಬೇ, ಗಿಡಕ್ಕ ಕಾಯಿ ಹಿಡಿಸಾಕ!"

ಆಕಿ ನನ್ನ ಮಾರಿ ನೋಡಿ, "ಗಿಡಕ್ಕ ಹಿಡೀತೈತಿ ಬಿಡು. ನಿಂದು ಹೇಳು," ಅಂದು ನಗಾಕತ್ಲು.

ಬಿಡು ಅಂದ್ರ ಬಿಡಲಿಲ್ಲ. ಶುರು ಮಾಡಿದ್ದು ನಡುವ ನಿಲ್ಲಸಬಾರದಂತ. ಕಡೀಗೆ ಮಾತಾತು. ಅರಿಷಿಣ ಕುಂಡಕ್ಕ ಹಚ್ಚಬೇಕು, ನೀರು ಬುಡಕ್ಕ ಹಾಕಬೇಕು, ಹೂವಿನ ಹತ್ರ ಬರಂಗಿಲ್ಲ.

ದಸರಾಕ್ಕ ನಾಕು ದಿನ ಇದ್ದಾಗ ಒಂದು ತೊಟ್ಟು ಉಳೀತು. ಬುಡದಾಗ ಬಟಾಣಿಯಷ್ಟು ಹಸರ ಕಾಯಿ. ಮಾಲಕರು ಬಗ್ಗಿ ನೋಡಿ, ಗಟ್ಟಿ ಐತೇನಂತ ಹಿಚುಕಾಕ ಕೈ ಚಾಚಿದ್ರು.

"ಮುಟ್ಟಬ್ಯಾಡ್ರಿ!" ಅಂದೆ. ಅವರಿಗೆ ಎಂದೂ ಹಂಗ ಅಂದಾಂವಲ್ಲ.

ಕೈ ಹಿಂದಕ್ಕ ತಗೊಂಡ್ರು. ನನ್ನ ಮಾರಿ ನೋಡಿದ್ರು. ಆಮ್ಯಾಲ ಗೇಟಿನ್ಯಾಗ ನಿಂತಿದ್ದ ಟೆಂಪೋ ಕಡೆ ತಿರುಗಿ ಒದರಿದ್ರು: "ಸೇವಂತಿಗಿ ಆ ಕಡೆ ಇಳಸ್ರೋ, ಇಲ್ಲಿ ಜಾಗಾ ಇಲ್ಲ."